ಗಣಪ್ಪನ ವಾಹನದ ಜೊಲ್ಲುಗ್ರಂಥಿ

ಇಲಿ ಎಂಬ ಎರಡಕ್ಷರವನ್ನು ನಾನೀಗ ನಿರ್ಭಯವಾಗಿ ಬರೆಯಬಲ್ಲೆ. ಮದುವೆಯ ರೇಷ್ಮೆ ಸೀರೆಗಳು ಕೊಟ್ಟೂರಿನ ನಮ್ಮ ಮನೆ ಬಿಟ್ಟು ಹಡಗಲಿಯ ಬೀಗರ ಮನೆ ಸೇರಿವೆ. ಇನ್ನು ಅವುಗಳ ಕ್ಷೇಮ ಬೀಗರ ಹೊಣೆ.

ತಮ್ಮನ ಹಿರಿಯ ಮಗಳ ಮದುವೆ ಗೊತ್ತಾದಾಗ ಕಿರಿಯವಳು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಇಲಿಯ ಜೊಲ್ಲುಗ್ರಂಥಿಯೊಳಗಿನ ನರಕೋಶಗಳ ಗುಂಪು ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತದೆ ಎಂಬುದು ಅವಳ ಪ್ರಾಜೆಕ್ಟು. ಮೌಖಿಕ ಪರೀಕ್ಷೆ ಮದುವೆಗಿಂತ ಮುಂಚೆ ಬಿತ್ತು. ಅಲ್ಲಿ ತಡವರಿಸಿದರೆ ವರ್ಷದ ಕೆಲಸವೆಲ್ಲ ನೀರಿಗೆ. ಗಟ್ಟಿಯಾಗಿ ಓದಿದರೇ ಅವಳ ತಲೆಗೆ ಹತ್ತುವುದು. ಅವಳು ಓದುವ ಕೋಣೆಯಲ್ಲೇ ಸೀರೆಯ ಟ್ರಂಕು.

ನಮ್ಮವ್ವನ ಶಾಸನ ಹಳೆಯದು. ಮನೆಯಲ್ಲಿ ಹೊಸ ಬಟ್ಟೆ ಇದ್ದಾಗ ಆ ಪ್ರಾಣಿಯ ಹೆಸರೆತ್ತಬಾರದು; ಕೇಳಿಸಿಕೊಂಡು ಬಂದು ಕಡಿಯುತ್ತದೆ. ನಿವೃತ್ತ ವಿಜ್ಞಾನದ ಮೇಷ್ಟ್ರಾದ ನಾನು, ಹಾಗಾದರೆ ರ‍್ಯಾಟ್ ಅನ್ನಲಿ ಎಂದು ರಾಜಿಸೂತ್ರ ಮಂಡಿಸಿದೆ.

"ಇಂಗ್ಲಿಷ್‌ನಾಗ ಅಂದ್ರ ಅದಕ್ಕ ತಿಳಿಯಂಗಿಲ್ಲೇನು? ಓಣಿಗೊಂದು ಇಂಗ್ಲಿಷ್ ಸಾಲಿ ಆಗ್ಯಾವ," ಎಂದಳು ಅವ್ವ.

ನನ್ನ ಸೂತ್ರ ಅಲ್ಲಿಗೇ ಬಿದ್ದುಹೋಯಿತು. ಅಂದಿನಿಂದ ಹುಡುಗಿ ಗಣಪ್ಪನ ವಾಹನದ ದವಡೆ, ಗಣಪ್ಪನ ವಾಹನದ ಜೊಲ್ಲು ಎಂದು ಪಾರಾಯಣ ಶುರುಮಾಡಿದಳು. ನಾವು ಯಾವುದೋ ಪುರಾಣ ಹಚ್ಚಿದ್ದೇವೆಂದು ತಿಳಿದು ನೆರೆಮನೆಯವರು ಕಿಟಕಿಗೆ ಕೈಮುಗಿದು ಹೋಗುತ್ತಿದ್ದರು.

ಒಮ್ಮೆ ಅವ್ವ ಮೊಬೈಲಿನಲ್ಲಿ ಸ್ಲೈಡಿನ ಚಿತ್ರ ನೋಡಿದಳು. ನಸುಗೆಂಪು ಬಯಲು. ಜೊಲ್ಲು ಹರಿಯುವ ನಾಳದ ಪಕ್ಕ ದೊಡ್ಡ ದುಂಡು ಕೋಶಗಳ ಗುಂಪು. ಒಂದೊಂದರೊಳಗೂ ತಿಳಿಯಾದ ನ್ಯೂಕ್ಲಿಯಸ್, ಅದರಲ್ಲೊಂದು ಬೊಟ್ಟಿನಂಥ ಚುಕ್ಕೆ. ಸುತ್ತ ಒತ್ತಿಕೊಂಡ ಪುಟ್ಟ ಕೋಶಗಳು.

"ಕಾಲುವಿ ದಂಡಿಗೆ ಪಂಚಾಯ್ತಿ ಕೂಡ್ಯಾರಲ್ಲ. ಬೊಟ್ಟು ಇಟ್ಕೊಂಡು ದೊಡ್ಡೋರು ಕುಂತಾರ, ಸಣ್ಣೋರು ಸುತ್ತ ನಿಂತಾರ."

ಕಾಲುವೆಗೆ ನೀರು ಬಿಡಲು ಹುಕುಂ ಕೊಡುವವರೂ ಅವರೇ ಎಂದು ನಾನು ಸೇರಿಸಿದೆ. ಪಂಚಾಯ್ತಿಯವರು ಕೆಲಸ ಮಾಡುತ್ತಾರೆಂಬುದನ್ನು ಅವ್ವ ನಂಬಲಿಲ್ಲ.

ಪರೀಕ್ಷೆಯ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ತೆರೆದಿತ್ತು. ಬಂದಿದ್ದ ಪರೀಕ್ಷಕರು ಹರಪನಹಳ್ಳಿ ಕಡೆಯವರು, ಬಿಳಿ ಮೀಸೆಯ ಗಂಭೀರ ಮನುಷ್ಯ. ಇದು ಯಾವ ಪ್ರಾಣಿಯ ಗ್ರಂಥಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಮಾತ್ರ ನಾಲಿಗೆಗೆ ರೂಢಿಯಾದ ದಾರಿಯಲ್ಲೇ ಬಂತು.

"ಗಣಪ್ಪನ ವಾಹನದ್ದು ಸರ್."

ನಾನು ಕೂತಲ್ಲೇ ಒಂದು ವರ್ಷಕ್ಕೆ ಎಳ್ಳುನೀರು ಬಿಟ್ಟೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮನ್ಯಾಗ ಮದುವಿ ಐತೇನಮ್ಮ?"

"ಹೌದ್ರಿ ಸರ್. ನಮ್ಮಕ್ಕಂದು."

"ಸೀರಿ ತಂದೀರೇನು?"

"ತಂದೀವ್ರಿ."

ಅವರು ತಲೆಯಾಡಿಸಿದರು. ಅಲ್ಲಿಂದ ಮುಂದೆ ಅವರೂ ಆ ಹೆಸರೆತ್ತಲಿಲ್ಲ. ವಾಹನದ ನರಕೋಶಗಳು ಎಲ್ಲಿರುತ್ತವೆ, ಹೇಗಿರುತ್ತವೆ ಎಂದೇ ಕೇಳುತ್ತ ಹೋದರು. ಹುಡುಗಿ ಕಾಲುವೆ ದಂಡೆಯ ಪಂಚಾಯ್ತಿಯನ್ನು ನೆನೆದು, ದೊಡ್ಡವರು ಸಣ್ಣವರು ಯಾರನ್ನೂ ಬಿಡದೆ ಒಪ್ಪಿಸಿದಳು.

ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ಆ ಪರೀಕ್ಷಕರಿಗೊಂದು ಲಗ್ನಪತ್ರಿಕೆ ಹೋಗಲೇಬೇಕು ಎಂದು ಅವ್ವ ಹಟ ಹಿಡಿದಳು. ಫಲಿತಾಂಶ ಬಂದಾಗಿದ್ದರಿಂದ ಅದು ಲಂಚವಾಗುವುದಿಲ್ಲ ಎಂದು ನಾನೂ ತೀರ್ಪಿತ್ತೆ. ವಿಳಾಸ ಬರೆಯುವ ಮುಂಚೆ ಹುಡುಗಿ ಪತ್ರಿಕೆಯ ನೆತ್ತಿಯ ಮೇಲಿನ ಗಣಪ್ಪನ ಕಾಲಬುಡಕ್ಕೆ ಬಗ್ಗಿ, ವಾಹನದ ದವಡೆಯ ಕೆಳಗೆ ಪೆನ್ನಿನ ತುದಿಯಿಟ್ಟಳು.

"ಇಲ್ಲೇ ನೋಡ್ರಿ ದೊಡ್ಡಪ್ಪ, ಪಂಚಾಯ್ತಿ ಕೂಡೋದು," ಎಂದಳು, ಟ್ರಂಕಿಗೆ ಕೇಳಿಸದಷ್ಟು ಮೆಲ್ಲಗೆ.