ಮರ್ಯಾದೆಗೆ ನೂರಡಿ

ಬಾಂಗ್ ದೊಕ್ಸು ಅವರ ಜೊತೆ ಊಟಕ್ಕೆ ಕೂತರೆ, ಅವರು ಚಮಚ ಎತ್ತುವ ತನಕ ಕಿರಿಯರಾರೂ ಎತ್ತುವಂತಿರಲಿಲ್ಲ. ಸೂಪಿನ ಬಟ್ಟಲನ್ನು ಒಂದೇ ಕೈಯಲ್ಲಿ ಕೊಟ್ಟರೆ ಮುಖ ಗಂಟಿಕ್ಕುತ್ತಿದ್ದರು. ಅದೇ ಮನುಷ್ಯ ರಡಾರ್ ಕೋಣೆಗೆ ಬಂದರೆ ಮರ್ಯಾದೆ ಕೊಟ್ಟವರ ಮೇಲೆ ಹರಿಹಾಯುತ್ತಿದ್ದರು. ಹನ್ನೊಂದು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಮೊದಲ ವರ್ಷವಂತೂ ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ.

ಪೈಲಟ್‌ಗಳ ಜೊತೆ ಮಾತಾಡಿ ವಿಮಾನಗಳನ್ನು ಏರಿಸಿ ಇಳಿಸುವುದು ಅವರ ಕೆಲಸ. ವಿಮಾನ ನಿಲ್ದಾಣದ ಗೋಪುರದವರ ಜೊತೆ, ಅಕ್ಕಪಕ್ಕದ ಕೇಂದ್ರಗಳ ಜೊತೆ ಫೋನಿನಲ್ಲಿ ಮಾತಾಡಿ, ಯಾವ ವಿಮಾನ ಯಾವ ಎತ್ತರದಲ್ಲಿದೆ ಎಂದು ಕಾಗದದ ಪಟ್ಟಿಗಳಲ್ಲಿ ಬರೆದು ಜೋಡಿಸುವುದು ನನ್ನದು. ಒಂದು ವಿಮಾನಕ್ಕೂ ಅದರ ಮೇಲಿನದಕ್ಕೂ ನಡುವೆ ಸಾವಿರ ಅಡಿ ಇರಲೇಬೇಕು. ತರಬೇತಿಯಲ್ಲಿ ಅವರು ಬೇಕೆಂದೇ ಒಂದು ಎತ್ತರವನ್ನು ತಪ್ಪಾಗಿ ಹೇಳಿದರು. ನಾನು, "ಕ್ಷಮಿಸಿ ಸಾರ್, ನಂಗೆ ಅಷ್ಟು ಗೊತ್ತಾಗಲ್ಲ, ಆದ್ರೂ ಇನ್ನೊಂದ್ಸಲ ನೋಡ್ತೀರಾ?" ಎಂದೆ. ಅವರು ಗಡಿಯಾರ ನೋಡಿಕೊಂಡರು.

"ನಾಲ್ಕು ಸೆಕೆಂಡು. ನಿನ್ನ ಮರ್ಯಾದೆ ಮುಗಿಯೋ ಹೊತ್ತಿಗೆ ವಿಮಾನ ನೂರಡಿ ಇಳಿದಿರುತ್ತೆ. ಅದನ್ನೆಲ್ಲ ಊಟದ ಟೇಬಲ್ಲಿಗೆ ಇಟ್ಕೊ. ಇಲ್ಲಿ ‘ತಪ್ಪು’ ಅನ್ನು, ಸಾಕು."

ಇದಕ್ಕೆಲ್ಲ ಕಾರಣ ಕ್ವಾಕ್ ಅವರ ಪ್ರಕರಣ ಎಂದು ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಕ್ವಾಕ್ ಹಿರಿಯರು; ಅವರ ಪಕ್ಕ ಕೂರುತ್ತಿದ್ದ ಕಿರಿಯ ಬಾಂಗ್. ಕ್ವಾಕ್ ಒಂದು ವಿಮಾನವನ್ನು ಇನ್ನೂ ಖಾಲಿಯಾಗದ ಎತ್ತರಕ್ಕೆ ಇಳಿಸಿದರು. ಪೈಲಟ್ ಕಡೇ ಗಳಿಗೆಯಲ್ಲಿ ಕಂಡು ಪಕ್ಕಕ್ಕೆ ಹೊರಳಿಸಿದ್ದರಿಂದ ವಿಮಾನಗಳು ಉಳಿದವು. ಒಳಗೆ ಕಾಫಿ ಕೊಡುತ್ತಿದ್ದ ಹುಡುಗಿ ಚಾವಣಿಗೆ ಬಡಿದು ಬಿದ್ದಳು, ಮತ್ತೆಂದೂ ನಡೆಯಲಿಲ್ಲ. ತಪ್ಪನ್ನು ಕೋಣೆಯಲ್ಲಿ ಯಾರೂ ಗಮನಿಸಿರಲಿಲ್ಲ ಎಂದು ತನಿಖೆಯವರು ಬರೆದುಕೊಂಡರು. ಕೆಲಸ ಹೋದ ಮೇಲೆ ಕ್ವಾಕ್ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಲೇ ತೀರಿಕೊಂಡರು. ಬಾಂಗ್ ಪ್ರತಿ ವರ್ಷ ಅವರ ಸಮಾಧಿಗೆ ಹೋಗಿ ಒಂದು ಲೋಟ ಸೋಜು ಮದ್ಯ ಸುರಿದು ಬರುತ್ತಿದ್ದರು. ಎಂಥ ಶಿಷ್ಯ ಎಂದು ನಾವು ಮೆಚ್ಚಿಕೊಳ್ಳುತ್ತಿದ್ದೆವು.

ಹನ್ನೊಂದನೆಯ ವರ್ಷದ ನವೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಬಂತು. ಮಕ್ಕಳು ಇಂಗ್ಲಿಷ್ ಕೇಳಿ ಉತ್ತರ ಬರೆಯುವ ಮೂವತ್ತೈದು ನಿಮಿಷ, ಸದ್ದಾಗಬಾರದೆಂದು, ದೇಶದಲ್ಲಿ ಒಂದು ವಿಮಾನವೂ ಏರುವಂತಿಲ್ಲ, ಇಳಿಯುವಂತಿಲ್ಲ. ಬಂದವನ್ನೆಲ್ಲ ಮೇಲೆಯೇ ಸುತ್ತಿಸುತ್ತಿರಬೇಕು. ಡಿಸೆಂಬರಿಗೆ ಬಾಂಗ್ ನಿವೃತ್ತರಾಗುವವರಿದ್ದರು. ಅವರ ಆ ಕೊನೆಯ ಪರೀಕ್ಷೆಯ ದಿನ ಐದು ವಿಮಾನಗಳು ಹತ್ತು ಸಾವಿರ ಅಡಿಯಿಂದ ಹದಿನಾಲ್ಕು ಸಾವಿರದವರೆಗೆ ಒಂದರ ಮೇಲೊಂದು ಸುತ್ತುತ್ತಿದ್ದವು.

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ ಇಳಿಸಲು ಶುರು ಮಾಡಬೇಕು. ಅಷ್ಟರಲ್ಲಿ ಗೋಪುರದಿಂದ ಫೋನು ಬಂತು: ರನ್‌ವೇ ನೋಡಲು ಹೋದ ಜೀಪು ಇನ್ನೂ ಹೊರಗೆ ಬಂದಿಲ್ಲ, ಎರಡು ನಿಮಿಷ ತಡೆಯಿರಿ. ನಾನು ಹೇಳಿದೆ, ಬಾಂಗ್ ಕೆಳಗಿನ ವಿಮಾನಕ್ಕೆ ಅಲ್ಲೇ ಸುತ್ತುತ್ತಿರಲು ಹೇಳಿದರು. ಮರುಗಳಿಗೆಯಲ್ಲೇ ಅದರ ಮೇಲಿನದಕ್ಕೆ ಹತ್ತು ಸಾವಿರಕ್ಕೆ ಇಳಿಯಲು ಹೇಳಿದರು. ಅವರ ಮನಸ್ಸಿನಲ್ಲಿ ಮೊದಲನೆಯದು ಆಗಲೇ ಇಳಿದು ಹೋಗಿತ್ತು.

ನನ್ನ ನಾಲಿಗೆಗೆ ಮೊದಲು ಬಂದದ್ದು "ಕ್ಷಮಿಸಿ" ಎಂಬ ಮಾತೇ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲೂ ನಾನು ಹೆದರಿದ್ದು ವಿಮಾನಕ್ಕೆ ಏನಾದೀತೋ ಎಂದಲ್ಲ, ಅವರಿಗೆ. ಹಿಂದೆ ಮೇಲಧಿಕಾರಿಯೂ ನಿಂತಿದ್ದರು. ಆ ಮಾತನ್ನು ನುಂಗಿಕೊಂಡೆ.

"ತಪ್ಪು. ಹತ್ತು ಖಾಲಿ ಇಲ್ಲ."

ಅವರು ನನ್ನತ್ತ ತಿರುಗಲೂ ಇಲ್ಲ. ಸ್ವರ ಏರಿಸದೆ ಆ ವಿಮಾನವನ್ನು ತಡೆದು ಹಿಂದಿನ ಎತ್ತರಕ್ಕೆ ಏರಿಸಿದರು. ಅದು ಇನ್ನೂರು ಅಡಿ ಇಳಿದಿತ್ತು. ಆಮೇಲೆ ಐದನ್ನೂ ಇಳಿಸಿ ಮುಗಿಸಿ, ಹೆಡ್‌ಸೆಟ್ ತೆಗೆದು ಒರೆಸಿ ನನ್ನ ಮುಂದಿಟ್ಟು ಎದ್ದರು. ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ಸಂಜೆ ಬಾಂಗ್ ತಾವೇ ಬರೆದ ವರದಿಗೆ ನನ್ನ ಸಹಿ ಕೇಳಿದರು. ‘ಗಮನಿಸಿದವರು: ಮಾ ಹೇರಿನ್. ಕೂಡಲೇ ಹೇಳಿದರು’ ಎಂದು ಬರೆದಿದ್ದರು. ಅದರಡಿಗೆ ಇನ್ನೊಂದು ಹಾಳೆಯಿತ್ತು. ಅದೂ ಅವರದೇ ಹೊಸ ಬರಹ; ಘಟನೆಯ ದಿನಾಂಕ ಮಾತ್ರ ಇಪ್ಪತ್ತನಾಲ್ಕು ವರ್ಷ ಹಿಂದಿನದು. ‘ಗಮನಿಸಿದವರು: ಬಾಂಗ್ ದೊಕ್ಸು. ಹೇಳಲಿಲ್ಲ.’

ನನಗೆ ಅಳು ಬಂತು. ಕ್ವಾಕ್ ಅವರೇ ಇಲ್ಲದ ಮೇಲೆ ಇದನ್ನು ಈಗ ಯಾರು ಓದಬೇಕು ಸಾರ್ ಎಂದು ಕೇಳಿದೆ.

"ಅವರ ಮಗಳಿದ್ದಾಳೆ," ಎಂದರು. "ಅಪ್ಪ ಒಬ್ರದ್ದೇ ತಪ್ಪು ಅಂತ ಇನ್ನೂ ಅಂದ್ಕೊಂಡಿದ್ದಾಳೆ."