ಕೆಂಪು ಡಬ್ಬಿ ಮತ್ತು ಮೊಣಕೈ

ಹೋಲಿಸಿ ನೋಡದೆ ನಾನು ಏನನ್ನೂ ಕೊಳ್ಳುವುದಿಲ್ಲ. ಸೀಗೆಪುಡಿಯನ್ನೂ ಎರಡು ಅಂಗಡಿಯಿಂದ ತಂದು, ಯಾವುದು ಯಾವ ತಾರೀಖಿನವರೆಗೆ ಬಂತು ಎಂದು ಡೈರಿಯಲ್ಲಿ ಬರೆದಿಡುವವಳು. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ಅನ್ನಲಿ. ಆದರೆ ಇಷ್ಟು ಶಿಸ್ತಿನ ನನ್ನ ತೀರ್ಪನ್ನು ಚನ್ನಗಿರಿಯ ಅಡಿಕೆ ಕಣವೊಂದರಲ್ಲಿ ಕಾಲ ಕಸ ಮಾಡಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ.

ಕಣ ನಮ್ಮ ದೊಡ್ಡಮ್ಮನದು. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸದಿದ್ದರೆ ಕೆಡುತ್ತದೆ. ಸುಲಿಯುವ ಹೆಂಗಸರಿಗೆ ಎಲ್ಲ ಕಡೆಯೂ ಬೇಡಿಕೆ. ಪಕ್ಕದ ಕಣದವರು ಹಾಡಿನ ಡಬ್ಬಿ ತಂದಿಟ್ಟರು ನೋಡಿ, ನಮ್ಮ ಕಣದಲ್ಲಿ ಸುಲಿಯುವವರ ಹಿರಿಯಳು ಗಂಗಕ್ಕ ಮುಲಾಜಿಲ್ಲದೆ ಹೇಳಿದಳು: "ಅಲ್ಲಿ ಹಾಡೈತೆ. ಇಲ್ಲಿ ನಿಮ್ ಗೊಣಗಾಟ ಬಿಟ್ರೆ ಏನೈತ್ರೀ ಅಮ್ಮಾರೆ? ಸೋಮವಾರದಿಂದ ಆ ಕಡೀಗೆ ಹೋಗ್ತೀವಿ."

ದೊಡ್ಡಮ್ಮ ಹೌಹಾರಿ ನಮಗೆಲ್ಲ ಫೋನ್ ಮಾಡಿದಳು. ಭಾನುವಾರವೇ ನಾನು ನನ್ನ ಹಾಡಿನ ಪ್ಲೇಯರ್ ಹಿಡಿದು ಹೋದೆ. ತೆಳ್ಳಗೆ, ಅಂಗೈಯಗಲ, ಗಾಜಿನ ಮುಖ. ಬೆರಳು ತಾಗಿದರೆ ಸಾಕು, ಹಾಡು ಬದಲಾಗುತ್ತದೆ. ಅಷ್ಟರಲ್ಲಿ ಹೊನ್ನಾಳಿಯಿಂದ ನಮ್ಮ ಭಾವ ಕೆಂಪು ಡಬ್ಬಿಯೊಂದನ್ನು ಬೈಕಿಗೆ ಕಟ್ಟಿಕೊಂಡು ಬಂದಿಳಿದರು. ಅದಕ್ಕೊಂದು ಹಿಡಿಕೆ, ನಿಂಬೆಹಣ್ಣಿನ ಗಾತ್ರದ ಗುಂಡಿಗಳು. ಒಳಗಿನ ಹಾಡುಗಳೆಲ್ಲ ಕಂಪನಿಯವರೇ ತುಂಬಿದ್ದು. ಬೇಡವಾದದ್ದನ್ನು ಅಳಿಸಲೂ ಬಾರದು! ಇದನ್ನು ಪ್ಲೇಯರ್ ಎನ್ನುವುದಾದರೆ ನಮ್ಮ ಒರಳುಕಲ್ಲನ್ನು ಮಿಕ್ಸಿ ಎನ್ನಬಹುದು.

ಪರೀಕ್ಷೆಯನ್ನು ನ್ಯಾಯವಾಗಿಯೇ ನಡೆಸಿದೆ. ಎರಡರಲ್ಲೂ ಒಂದೇ ಹಾಡು, ಒಂದೇ ಸ್ಟೂಲು, ಒಂದೇ ದೂರ. ಧ್ವನಿ, ಬ್ಯಾಟರಿ, ತೂಕ, ಮೂರಕ್ಕೂ ಡೈರಿಯಲ್ಲಿ ಅಂಕ ಹಾಕಿದೆ. ಮೂರರಲ್ಲೂ ನನ್ನದೇ ಮುಂದು. ಭಾವ "ಏನ್ರೀ ಜಡ್ಜಮ್ಮಾ, ಅರ್ಜಿದಾರಳೂ ನೀವೇನಾ?" ಎಂದು ಹಲ್ಲು ಕಿರಿದರು. ನಾನು ಅಂಕ ಕೂಡಿಸಿ ಕೆಳಗೆ ಎರಡು ಗೆರೆ ಎಳೆದೆ.

ತೀರ್ಪು ಕೊಟ್ಟವಳು ಗಂಗಕ್ಕ. "ಕೆಂಪುದೇ ಇರ್ಲಿ."

ಯಾಕೆ ಎಂದು ಕೇಳಿದೆ. ನನ್ನ ಧ್ವನಿ ಸ್ವಲ್ಪ ಏರಿತ್ತು. ಗಂಗಕ್ಕನ ಒಂದು ಕಾಲು ಕತ್ತಿಯ ಮಣೆಯನ್ನು ಮೆಟ್ಟಿತ್ತು, ಎರಡೂ ಕೈಗೆ ಅಡಿಕೆಯ ಕಪ್ಪು ಕರೆ. ಕುಳಿತಲ್ಲಿಂದಲೇ ವಾಲಿ, ಕೆಂಪು ಡಬ್ಬಿಯ ಗುಂಡಿಯನ್ನು ಮೊಣಕೈಯಿಂದ ಗುದ್ದಿದಳು. ಅಳುವ ಹಾಡು ಹೋಗಿ ಕುಣಿಯುವ ಹಾಡು ಬಂತು. "ಹಿಂಗೆ" ಎಂದಳು. "ನಿನ್ ಗಾಜಿನದಾದ್ರೆ ಹಾಡು ಬದ್ಲಿಸಾಕೆ ಸತಿ ಸತಿಗೂ ಕೈ ತೊಳ್ಕಂಡು ಬರ್ಬೇಕು. ಇಲ್ಲಾ ನಿನ್ನ ಕರೀಬೇಕು. ನೀನು ದಿನಾ ಬರ್ತೀಯೇನು ತಂಗೀ?"

ಉಳಿದವರು ನಕ್ಕರು. ನನಗೆ ಮೈ ಉರಿಯಿತು. ಹಿಂದೆ ಆಸ್ಥಾನಗಳಲ್ಲಿ ಸಂಗೀತದ ಪರೀಕ್ಷೆಗೆ ಪಂಡಿತರನ್ನು ಕೂರಿಸುತ್ತಿದ್ದರಂತೆ. ಕಿವಿಗೆ ಅಂಕವಿತ್ತೇ ಹೊರತು ಮೊಣಕೈಗೆ ಎಲ್ಲಿತ್ತು? ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವರಿಗೂ ಕೈ ಬಿಡುವಿರಲಿಲ್ಲ ನಿಜ. ಆದರೆ ಆ ಹಾಡಿಗೆ ಗುಂಡಿಯೇ ಇರಲಿಲ್ಲವಲ್ಲ! ಇದನ್ನೆಲ್ಲ ಹೇಳಹೊರಟೆ. ದೊಡ್ಡಮ್ಮ ತಡೆದಳು: "ಮಾತು ಸಾಕು, ಕೈ ಹಾಕು."

ಸಿಟ್ಟಿನಲ್ಲೇ ಸುಲಿಯಲು ಕೂತೆ. ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಬೆರಳು ಕಪ್ಪಾಗಿ ಅಂಟಂಟಾಯಿತು. ಯಾರೂ ನೋಡುತ್ತಿಲ್ಲವೆಂದು ನನ್ನ ಪ್ಲೇಯರನ್ನು ಮೆಲ್ಲಗೆ ಮುಟ್ಟಿದೆ. ಅದು ನನ್ನನ್ನು ಗುರುತೇ ಇಲ್ಲದವಳಂತೆ ಕಂಡಿತು. ಉಜ್ಜಿದೆ, ಒತ್ತಿದೆ, ಗಾಜು ಕೊಳೆಯಾಯಿತು ಅಷ್ಟೆ. ಅಷ್ಟರಲ್ಲಿ ಕೆಂಪು ಡಬ್ಬಿಯಲ್ಲಿ ಮತ್ತೊಂದು ಅಳುವ ಹಾಡು.

"ಹತ್ರ ಕುಂತೀಯಲ್ಲ, ಒಂದೇಟು ಹಾಕು ತಂಗೀ" ಎಂದಳು ಗಂಗಕ್ಕ.

ಹಾಕಿದೆ. ಮೊಣಕೈಯಿಂದಲೇ.

ಸೋಮವಾರ ಗಂಗಕ್ಕನ ತಂಡ ದೊಡ್ಡಮ್ಮನ ಕಣಕ್ಕೇ ಬಂತು. ಭಾವ ಇಂದಿಗೂ ನನ್ನನ್ನು ಕಂಡರೆ ಮೊಣಕೈ ಎತ್ತಿ ನಮಸ್ಕಾರ ಮಾಡುತ್ತಾರೆ. ಮಾಡಲಿ. ಧ್ವನಿಯಲ್ಲಿ ನನ್ನದೇ ಮೇಲು. ಅದನ್ನು ಅಂದೇ ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಹಾಳೆಯ ತುಂಬ ಹೆಬ್ಬೆರಳಿನ ಕರೆ ಕೂತಿರುವುದರಿಂದ ಓದುವುದು ಸ್ವಲ್ಪ ಕಷ್ಟ.