ಲೇಡೀಸ್ ಡಬ್ಬಿಯ ಲಾಡಿ

ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಜಗಳವೆಲ್ಲ ಹುಟ್ಟಿದ್ದು ಇದರಿಂದಲೇ. ಚಿಕ್ಕವಳಿದ್ದಾಗ ಅಮ್ಮ "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂದು ಸಮಾಧಾನ ಹೇಳುತ್ತಿದ್ದಳು. ಕೀರ್ತಿ ಇನ್ನೂ ಬಂದಿಲ್ಲ. ಜಗಳಗಂಟಿ ಎಂಬ ಹೆಸರು ಮಾತ್ರ ಬಂದಿದೆ, ಅದೂ ಕೊಚ್ಚಿಯ ಕಲೂರ್‌ನಲ್ಲಿ.

ಮೈಸೂರಿನವಳಾದ ನಾನು ಬ್ಯಾಂಕ್ ನೌಕರಿ ಹಿಡಿದು ಮೊದಲು ಹೋದದ್ದು ಮದ್ರಾಸಿಗೆ. ಹನ್ನೊಂದು ವರ್ಷ ಕ್ರೋಂಪೇಟೆಯಿಂದ ಬೀಚ್ ಸ್ಟೇಷನ್ನಿಗೆ ಮೀಟರ್ ಗೇಜಿನ ಎಲೆಕ್ಟ್ರಿಕ್ ಗಾಡಿಯಲ್ಲಿ ಹೋಗಿ ಬಂದೆ. ಆಮೇಲೆ ವರ್ಗವಾಗಿ ಕೊಚ್ಚಿಗೆ ಬಂದು, ಇಲ್ಲೇ ಬೇರು ಬಿಟ್ಟೆ. ಎರಡು ಸಾವಿರದ ನಾಲ್ಕರಲ್ಲಿ ಆ ಗಾಡಿಗಳು ನಿಂತವು ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಅಂಗೈಯಗಲ ಬಂತು. ಓದಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಜನರನ್ನು ಹೊತ್ತ ಗಾಡಿಗೆ ಇಷ್ಟೇ ಜಾಗವೇ ಎನಿಸಿತು.

ಆ ವಾರವೇ ಕೌಂಟರಿಗೆ ಕಾಕ್ಕನಾಡ್‌ನ ಐಟಿ ಪಾರ್ಕಿನಿಂದ ಒಬ್ಬ ಕನ್ನಡದ ಎಂಜಿನಿಯರ್ ಬಂದಿದ್ದ. ಮಂಡ್ಯದವನು, ಮೂವತ್ತರ ಆಸುಪಾಸು. ನಾನು ಫೋನಿನಲ್ಲಿ ಕನ್ನಡದಲ್ಲಿ ಗಾಡಿಯ ಸುದ್ದಿ ಹೇಳಿ ಯಾರನ್ನೋ ಬೈಯುತ್ತಿದ್ದುದನ್ನು ಕೇಳಿಸಿಕೊಂಡು ನಿಂತೇಬಿಟ್ಟ.

"ನೀವು ಆ ಗಾಡೀಲಿ ಓಡಾಡಿದ್ದೀರಾ ಮೇಡಂ? ನಮ್ ಗುಂಪಲ್ಲಿ ದಿನಾ ಓಡಾಡಿದೋರು ಒಬ್ರೂ ಇಲ್ಲ. ಭಾನ್ವಾರ ಬನ್ನಿ."

ಹೀಗೆ ನಾನು ರೈಲು ಹುಚ್ಚಿನವರ ಮನೆ ಹೊಕ್ಕೆ. ಮನೆ ಕಲೂರ್ ಸ್ಟೇಡಿಯಂ ಹಿಂದಿನ ಓಣಿಯಲ್ಲಿ. ಯಜಮಾನರು ಕಳಮಶ್ಶೇರಿಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು. ಎಲ್ಲರಿಗೂ ಅವರು ಸಾರ್. ಅವರ ಬಲಗೈ, ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಲೆಕ್ಚರರ್, ಕತ್ತಿನಲ್ಲಿ ಸದಾ ಕ್ಯಾಮೆರಾ. ಉಳಿದವರು ಐದಾರು ಜನ, ಎಲ್ಲ ಗಂಡಸರು. ತಿರುವನಂತಪುರದವರೆಗೂ ರೈಲು ಹಳಿಯುದ್ದಕ್ಕೂ ವಿದ್ಯುತ್ ಕಂಬ ಏಳುತ್ತಿದ್ದ ಕಾಲ ಅದು. ಹೊಸ ತಂತಿ ಬರುವ ಖುಷಿಗೆ ಅವರು ಹಳೆಯ ಎಲೆಕ್ಟ್ರಿಕ್ ಗಾಡಿಯ ಒಂದು ಬೋಗಿಯನ್ನು ಮರದಲ್ಲಿ ಕಟ್ಟುತ್ತಿದ್ದರು. ಮಂಚದಷ್ಟು ಉದ್ದ, ಒಂದು ಪಕ್ಕ ತೆರೆದದ್ದು, ಒಳಗಿನ ಬೆಂಚು, ಫ್ಯಾನು, ಜಾಲರಿ ಎಲ್ಲ ಕಾಣುವಂತೆ. ಮುಗಿದ ಮೇಲೆ ತಿರುವನಂತಪುರದ ಒಂದು ವಾಚನಾಲಯದ ಹಾಲಿನಲ್ಲಿ ಎರಡು ದಿನ ಪ್ರದರ್ಶನಕ್ಕಿಡುವುದೆಂದು ಗೊತ್ತಾಗಿತ್ತು.

ಅವರ ಜ್ಞಾನ ನೋಡಿ ನಾನು ದಂಗಾದೆ. ಮೋಟಾರಿನ ಸದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು, ಕಣ್ಣು ಮುಚ್ಚಿ ಕೇಳಿ ಯಾವ ಕಾಲದ ಗಾಡಿ ಎನ್ನುತ್ತಿದ್ದರು. ಚಾವಣಿಯ ಇಳಿಜಾರು, ಕಿಟಕಿ ಕಂಬಿಗಳ ನಡುವಿನ ಅಂತರ, ಮುಂಭಾಗದ ದೀಪದ ಬಳೆ, ಎಲ್ಲ ಬಾಯಿಪಾಠ. ಬಣ್ಣ ಯಾವುದಿರಬೇಕೆಂಬುದರ ಮೇಲೆ ಮೂರು ಭಾನುವಾರ ಜಗಳವಾಡಿ, ಚಹಾ ತಣ್ಣಗಾಗಿಸಿಕೊಂಡರು. ನನಗೆ ಅದೊಂದೂ ಗೊತ್ತಿರಲಿಲ್ಲ. ಮಳೆ ಬಂದರೆ ಯಾವ ಬೆಂಚಿನ ಮೇಲೆ ಕೂರಬಾರದು, ಪಲ್ಲಾವರಂ ದಾಟಿದ ತಿರುವಿನಲ್ಲಿ ಯಾವ ಕಾಲಿನ ಮೇಲೆ ಭಾರ ಹಾಕಬೇಕು, ಅದು ಗೊತ್ತಿತ್ತು. ಅವರು ನನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ನಾಲ್ಕನೆಯ ಭಾನುವಾರ ಲೇಡೀಸ್ ಡಬ್ಬಿ ಮುಗಿದಿತ್ತು. ಮೇಲಿನ ಸರಳಿನಲ್ಲಿ ಸಾಲಾಗಿ ಪುಟ್ಟ ಹಿಡಿಕೆಗಳು. ನಾನು ಬಗ್ಗಿ ನೋಡಿ, "ಲಾಡಿ ಎಲ್ಲಿ?" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಲಂಗದ ಲಾಡಿ ಎಂದು ಬಿಡಿಸಿ ಹೇಳಿದಾಗ ಲೆಕ್ಚರರ್ ಚಾವಣಿ ನೋಡಿದರು.

ವಿಷಯ ಇಷ್ಟೇ. ಹಿಡಿಕೆ ಬಹಳ ಜನರಿಗೆ ಸರಿಯಾದ ಎತ್ತರದಲ್ಲೇ ಇತ್ತು. ನನ್ನಂಥವರಿಗೆ ಅದು ನರಿಯ ದ್ರಾಕ್ಷಿ. ಅದಕ್ಕೇ ನಾವು ಗಿಡ್ಡ ಹೆಂಗಸರು ಬಾಗಿಲ ಬಳಿಯ ಕಂಬಕ್ಕೆ ಜೋತು ಬೀಳುತ್ತಿದ್ದೆವು. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲೇ ನಿಂತಿದ್ದ ಒಬ್ಬ ಟೈಪಿಸ್ಟ್, ನನಗಿಂತಲೂ ಒಂದು ಇಂಚು ಗಿಡ್ಡ, ಗಾಡಿ ಕದಲುವಾಗ ಕೈಜಾರಿ ಪ್ಲಾಟ್‌ಫಾರಂ ಮೇಲೆ ಬಿದ್ದಳು. ಜೀವಕ್ಕೇನೂ ಆಗಲಿಲ್ಲ, ಬಲಗೈ ಮಣಿಕಟ್ಟು ಮುರಿಯಿತು. ನಾನು ಅವಳ ಸೆರಗು ಹಿಡಿದಿದ್ದೆ. ಕಂಬದ ತುಂಬ ಬೇರೆಯವರ ಕೈಗಳಿದ್ದು, ನನಗೆ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲವಾದ್ದರಿಂದ ನನ್ನಿಂದ ಅವಳನ್ನು ತಡೆಯಲಾಗಲಿಲ್ಲ. ಇದನ್ನು ಎಷ್ಟು ವರ್ಷ ಕಳೆದರೂ ನಾನು ನುಂಗಿಕೊಂಡಿಲ್ಲ.

ಎರಡು ತಿಂಗಳ ಮೇಲೆ ಬ್ಯಾಂಡೇಜು ಬಿಚ್ಚಿಸಿಕೊಂಡು ಬಂದವಳು ಚೀಲದಲ್ಲಿ ಒಂದು ಸುರುಳಿ ಲಾಡಿ ತಂದಿದ್ದಳು. ಬೆಂಚಿನ ಮೇಲೆ ಹತ್ತಿ, ಒಂದೊಂದು ಹಿಡಿಕೆಗೂ ಮೊಳದುದ್ದ ಲಾಡಿಯ ಕುಣಿಕೆ ಹಾಕಿದಳು. ಎಳೆದಷ್ಟೂ ಬಿಗಿಯುವ, ಬಾಲ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಆವತ್ತಿನಿಂದ ನಮ್ಮೆಲ್ಲರ ಬ್ಯಾಗಿನಲ್ಲೂ ಲಾಡಿ ಇರುತ್ತಿತ್ತು. ಗಾಡಿ ದಿನಾ ಅದೇ ಬರುತ್ತಿರಲಿಲ್ಲ, ಬಂದದ್ದಕ್ಕೆ ಕಟ್ಟುತ್ತಿದ್ದೆವು. ಇಳಿಯುವಾಗ ಬಿಚ್ಚಬಾರದು, ಹಿಂದೆ ಬರುವ ಗಿಡ್ಡಿಗೆ ಇರಲಿ ಎಂಬುದು ನಮ್ಮ ಕಟ್ಟಳೆ. ತೊಳೆಯಲು ಹೋಗಿ ಬಂದ ಗಾಡಿಯಲ್ಲಿ ಲಾಡಿ ಇರುತ್ತಿರಲಿಲ್ಲ. ತೊಳೆಯುವವರ ಕೆಲಸ ಅವರು ಮಾಡಿದರು, ನಮ್ಮ ಕೆಲಸ ನಾವು ಮಾಡಿದೆವು. ಅವರು ಕತ್ತರಿಸಿದರು, ನಾವು ಕಟ್ಟಿದೆವು.

ಇದನ್ನೆಲ್ಲ ಹೇಳಿ, ಆರು ಲಾಡಿ ಕಟ್ಟಿ ಎಂದೆ. ಸಾರ್ ಡ್ರಾಯಿಂಗ್ ಹರಡಿದರು. ಮೃದುವಾದ ಮನುಷ್ಯ, ಮಲಯಾಳದಲ್ಲಿ ನಿಧಾನವಾಗಿ ಹೇಳಿದರು. "ಮೇಡಂ, ಇದರಲ್ಲಿ ಇಲ್ಲದ್ದನ್ನು ನಾನು ಈವರೆಗೂ ಒಂದು ಮೊಳೆಯಷ್ಟೂ ಸೇರಿಸಿಲ್ಲ."

"ಈ ಹಿಡಿಕೆಯ ಎತ್ತರ ಯಾರ ಕೈ ಅಳತೆಗೆ ಬರೆದದ್ದು ಸಾರ್?"

"ಸಾಮಾನ್ಯ ಪ್ರಯಾಣಿಕನದು."

"ಆ ಸಾಮಾನ್ಯ ಪ್ರಯಾಣಿಕ ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಮ್ಮ ಡಬ್ಬಿಗೆ ಬರಲಿಲ್ಲ."

ಲೆಕ್ಚರರ್ ಫೋಟೋ ಆಲ್ಬಂಗಳನ್ನು ತಂದರು. ಇನ್ನೂರಕ್ಕೂ ಹೆಚ್ಚು ಚಿತ್ರಗಳು. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದೆವು. ಮುಂದಿನಿಂದ, ಹಿಂದಿನಿಂದ, ಸೇತುವೆಯ ಮೇಲಿನಿಂದ, ಡ್ರೈವರನ ಸೀಟು, ಗಂಡಸರ ಡಬ್ಬಿಯ ಬೆಂಚಿನ ತಿರುಪು ಕೂಡ. ಲೇಡೀಸ್ ಡಬ್ಬಿ ಇದ್ದ ಕಡೆಯೆಲ್ಲ ಕಪ್ಪು ಕಿಟಕಿ, ಅದರಲ್ಲಿ ಒಂದಿಷ್ಟು ಮೊಣಕೈ.

"ಪುರಾವೆ ಇಲ್ಲ," ಎಂದರು ಲೆಕ್ಚರರ್.

"ನೀವು ಒಮ್ಮೆಯಾದರೂ ಒಳಗೆ ಹತ್ತಿದ್ದೀರಾ?"

"ಅದು ಹೇಗೆ ಸಾಧ್ಯ? ಪೊಲೀಸರು ಹಿಡಿಯುತ್ತಿದ್ದರು."

ಆಗ ನನಗೆ ಹೊಳೆಯಿತು. ಕ್ಯಾಮೆರಾ ಇದ್ದವರು ಯಾರೂ ಆ ಡಬ್ಬಿ ಹತ್ತುವಂತಿರಲಿಲ್ಲ. ಹತ್ತುತ್ತಿದ್ದ ನಮ್ಮ ಚೀಲಗಳಲ್ಲಿ ಊಟದ ಡಬ್ಬಿ, ಬಿಡಿಸಬೇಕಾದ ಬಟಾಣಿ, ಲಾಡಿ. ಫೋಟೋ ಎಲ್ಲಿಂದ ಬರಬೇಕು? ಹೀಗಿರುವಾಗ ಫೋಟೋ ತೋರಿಸಿ ಎಂದು ನನ್ನನ್ನೇ ಕೇಳುತ್ತಾರಲ್ಲ. "ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?" ಎಂದು ಕನ್ನಡದಲ್ಲೇ ಕೇಳಿದೆ. ಮಂಡ್ಯದವನು ಅದನ್ನು ಅನುವಾದ ಮಾಡಲಿಲ್ಲ. ವಿಷಯವನ್ನು ಅಲ್ಲಿಗೇ ಬಿಡುವುದೆಂದು ಗಂಡಸರು ತೀರ್ಮಾನಿಸಿದರು.

ನಾನು ಬಿಡಲಿಲ್ಲ. ಮನೆಗೆ ಬಂದು ಲಾಡಿಯನ್ನು ದಾರದಷ್ಟು ಸಣ್ಣಗೆ ಸೀಳಿ, ಆರು ತುಂಡು ಮಾಡಿದೆ. ಹೈಸ್ಕೂಲಿನ ಮಗಳು, ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರಿಸುವವಳು, "ಅಮ್ಮೇ, ಇದ್ ಎಂದಿನಾ?" ಎಂದಳು, ಇದ್ಯಾಕೆ ಎಂದು. ಅವಳು ಆಗಲೇ ನನಗಿಂತ ಒಂದು ಗೇಣು ಎತ್ತರ. ಬಸ್ಸಿನ ಸರಳು ಆರಾಮವಾಗಿ ಸಿಗುತ್ತದೆ. ನಿನಗೆ ಅರ್ಥವಾಗದಿರಲಿ, ಅದೇ ಒಳ್ಳೆಯದು ಎಂದೆ.

ಮುಂದಿನ ವರ್ಷ ಪ್ರದರ್ಶನ. ಬೋಗಿ ಹಿಂದಿನ ದಿನವೇ ವ್ಯಾನಿನಲ್ಲಿ ಹೋಗಿತ್ತು. ನಾನೂ ಮಂಡ್ಯದವನೂ ಎರ್ನಾಕುಲಂನಿಂದ ಬೆಳಗಿನ ಗಾಡಿ ಹಿಡಿದೆವು. ಹಾದಿಯುದ್ದಕ್ಕೂ ಹೊಸ ಕಂಬಗಳು, ಕೆಲವಕ್ಕೆ ತಂತಿ ಬಂದಿತ್ತು, ಕೆಲವಕ್ಕೆ ಇಲ್ಲ. ನಾನು ಬ್ಯಾಗಿನಿಂದ ಚಿಮಟ ತೆಗೆದು ತೋರಿಸಿದೆ.

ಅವನಿಗೆ ಗಾಬರಿಯಾಯಿತು. "ಬೇಡಿ ಮೇಡಂ. ಎಲ್ರ ಎದುರಿಗೆ ಸಾರ್‌ಗೆ ಬೇಜಾರಾಗತ್ತೆ. ಇಷ್ಟು ಸಣ್ಣ ವಿಷ್ಯಕ್ಕೆ ಯಾಕೆ?"

"ಸಣ್ಣೋರ ವಿಷ್ಯ ಕಣಪ್ಪ, ಅದಕ್ಕೇ. ನೀನು ಆರಡಿ ಇದ್ದೀಯ. ನಿಂಗೆ ಎಲ್ಲಾ ಕಡೆ ಹಿಡಿಕೆ ಸಿಕ್ಕಿದೆ."

ಅವನು ಕೊಲ್ಲಂವರೆಗೂ ಕಿಟಕಿಯಾಚೆಯ ಕಂಬ ಎಣಿಸಿದ. ಕೊಲ್ಲಂನಲ್ಲಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಕೊಂಡು ಒಂದು ನನಗೆ ಕೊಟ್ಟ.

ಹಾಲಿನಲ್ಲಿ ಜನ ಚೆನ್ನಾಗಿ ಬಂದಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು ಬಂದರು, ಮದ್ರಾಸಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ನನ್ನಷ್ಟೇ ಎತ್ತರ. ಬೋಗಿಯ ಬೆಂಚನ್ನು ಬೆರಳಿನಿಂದ ಸವರಿ, ನಾನು ಮಾಂಬಲಂನಲ್ಲಿ ಹತ್ತುತ್ತಿದ್ದೆ ಎಂದರು, ತಾಂಬರಂ ಕಡೆಯಿಂದ ಬಂದರೆ ನನ್ನ ಕ್ರೋಂಪೇಟೆ ಆದ ಮೇಲೆ ಸಿಗುವ ಸ್ಟೇಷನ್ ಅದು. ಸಾರ್ ನ್ಯಾಯವಂತರು, ಅವರೇ ಕರೆದು ಕೇಳಿದರು. ಲೇಡೀಸ್ ಡಬ್ಬಿಯ ಹಿಡಿಕೆಗೆ ಲಾಡಿ ಕಟ್ಟುತ್ತಿದ್ದರೇ?

ಆಕೆ ಯೋಚಿಸಿದರು. "ಇಲ್ಲ. ನಾನು ಅಂಥದ್ದೇನೂ ನೋಡಿಲ್ಲ."

ಲೆಕ್ಚರರ್ ಮುಗುಳ್ನಕ್ಕರು. ಒಂದು ಕ್ಷಣ, ಎಲ್ಲ ನಾನೇ ಹೆಣೆದುಕೊಂಡೆನೋ ಎಂಬ ಭಯ ಬಂತು. ಹನ್ನೊಂದು ವರ್ಷವನ್ನು ಒಂದು "ಇಲ್ಲ" ಒರೆಸಿಹಾಕಬಹುದು ಎಂದು ನನಗೆ ಅಂದು ತಿಳಿಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ, ಚೇಚಿ, ಅಂದರೆ ಅಕ್ಕಾ, ಎಂದು ಕರೆದೇ ಕೇಳಿದೆ.

"ಹಾಗಾದರೆ ಚೇಚಿ, ನೀವು ಏನು ಹಿಡಿದುಕೊಳ್ಳುತ್ತಿದ್ದಿರಿ? ನಿಮಗೆ ಮೇಲಿನದು ಎಟುಕುತ್ತಿರಲಿಲ್ಲವಲ್ಲ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹತ್ತಿರ ಬಂದು, ಮಗಳೇ ಎಂದು ಕರೆಯುತ್ತ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು.

"ಹೀಗೆ, ಮೋಳೇ. ಪಕ್ಕದಲ್ಲಿ ಯಾರಿದ್ದರೆ ಅವರನ್ನು. ತಾಂಬರಂ ಕಡೆಯಿಂದ ಮೊದಲೇ ಹತ್ತಿ ನಿಂತವರು ಇರುತ್ತಿದ್ದರು. ನಿನ್ನಂಥವರೇ. ಅವರು ಗಟ್ಟಿಯಾಗಿ ನಿಂತಿರುತ್ತಿದ್ದರು. ಅವರು ಏನು ಹಿಡಿದಿದ್ದರೋ, ನಾನು ತಲೆ ಎತ್ತಿ ನೋಡಲಿಲ್ಲ."

ಇದು ಪುರಾವೆಯಲ್ಲ, ನನಗೂ ಗೊತ್ತು. ಆದರೆ ಆ ಹಿಡಿತ ನನಗೆ ಗುರುತಾಯಿತು. ಎಷ್ಟೋ ಬೆಳಿಗ್ಗೆ ನನ್ನ ತೋಳಿನಲ್ಲಿ ಯಾರ್ಯಾರದೋ ಬೆರಳು ಹೀಗೇ ಒತ್ತಿದ್ದವು. ನಾನು ಚಿಮಟ ತೆಗೆದೆ. ಆಕೆ ಬೋಗಿಯ ಒಳಗೆ ಬೆಳಕು ಬೀಳಲೆಂದು ಪಕ್ಕಕ್ಕೆ ಸರಿದರು. ಎಲ್ಲರ ಎದುರಿಗೆ ಆರು ಹಿಡಿಕೆಗೂ ಆರು ಲಾಡಿ ಕಟ್ಟಿದೆ.

"ಇದು ಡ್ರಾಯಿಂಗಿನಲ್ಲಿಲ್ಲ ಮೇಡಂ," ಎಂದರು ಸಾರ್, ದನಿ ಏರಿಸದೆ.

"ಡ್ರಾಯಿಂಗ್ ತಿದ್ದಿ ಸಾರ್."

ಒಂದು ಕಾರ್ಡ್ ತೆಗೆದುಕೊಂಡು ನಾನೇ ಬರೆದೆ, ಇಂಗ್ಲಿಷಿನಲ್ಲೂ ನನ್ನ ವಕ್ರ ಮಲಯಾಳದಲ್ಲೂ. "ಲಂಗದ ಲಾಡಿ. ಫೋಟೋ ಇಲ್ಲ, ನಕ್ಷೆ ಇಲ್ಲ. ಕಟ್ಟಿದವಳು ಇಲ್ಲೇ ನಿಂತಿದ್ದಾಳೆ, ಕೇಳಿ." ಎರಡು ದಿನ ಅದರ ಪಕ್ಕದಲ್ಲೇ ನಿಂತೆ. ಕೇಳಿದವರು ಹೆಚ್ಚಿನವರು ಹೆಂಗಸರು. ಗಂಡಸರು ಕಾರ್ಡು ಓದಿ ಮೋಟಾರಿನ ಕಡೆ ಹೋದರು.

ಬೋಗಿ ಕಲೂರ್‌ಗೆ ವಾಪಸಾಯಿತು. ಮುಂದಿನ ಭಾನುವಾರ ಹೋದರೆ ಲಾಡಿ ಇಲ್ಲ. ಸಾರ್ ನನಗೊಂದು ಲಕೋಟೆ ಕೊಟ್ಟರು, ಮೇಲೆ ಅವರ ಚೊಕ್ಕ ಅಕ್ಷರದಲ್ಲಿ "ಡ್ರಾಯಿಂಗಿನಲ್ಲಿಲ್ಲದ್ದು" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಒಳಗೆ ಆರೂ ತುಂಡು. ನಾನು ಥ್ಯಾಂಕ್ಸ್ ಹೇಳಿ, ಅಲ್ಲೇ ಕೂತು ಆರನ್ನೂ ಕಟ್ಟಿದೆ. ಚಹಾ ಕುಡಿದು ಬಂದೆ. ಇನ್ನೊಂದು ಭಾನುವಾರ ಮತ್ತೆ ಲಕೋಟೆ. ಮತ್ತೆ ಕಟ್ಟಿದೆ. ಮೂರನೆಯ ಸಲ ಒಂದು ತುಂಡು ಕಳೆದುಹೋಗಿತ್ತು, ಐದನ್ನೇ ಕಟ್ಟಿದೆ. ನಾವಿಬ್ಬರೂ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಂಡ್ಯದವನು ಮಾತ್ರ ನಮ್ಮಿಬ್ಬರ ಮುಖ ನೋಡಿ ಬಿಸ್ಕತ್ತು ತಿನ್ನುತ್ತಿದ್ದ.

ನಾಲ್ಕನೆಯ ಭಾನುವಾರ ಬ್ಯಾಗಿನಲ್ಲಿ ಹೊಸ ಲಾಡಿ ಸೀಳಿಟ್ಟುಕೊಂಡೇ ಮೆಟ್ಟಿಲು ಹತ್ತಿದೆ. ಲಕೋಟೆ ಇರಲಿಲ್ಲ. ಸಾರ್ ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ಬೋಗಿಯೊಳಗೆ ಬಗ್ಗಿ ನೋಡಿದೆ. ಲಾಡಿಗಳು ಇದ್ದವು, ಐದಲ್ಲ, ಆರು. ಆರನೆಯದು ಬೇರೆ ಬಟ್ಟೆಯದು, ಹಳೆಯ ಬಿಳಿ ಮುಂಡಿನ, ಅಂದರೆ ಪಂಚೆಯ, ಅಂಚು ಇರಬೇಕು, ಅದಕ್ಕೆ ಹಾಕಿದ್ದ ಗಂಟು ನಮ್ಮದಾಗಿರಲಿಲ್ಲ. ಪಾರ್ಸೆಲ್ಲಿಗೆ ಹಾಕುವಂಥ ಕಗ್ಗಂಟು.

ಅದನ್ನು ಚಿಮಟದಿಂದ ಬಿಚ್ಚಲು ನನಗೆ ಹತ್ತು ನಿಮಿಷ ಹಿಡಿಯಿತು. ಬಿಚ್ಚಿ, ಸರಿಯಾಗಿ ಕಟ್ಟಿದೆ.